ಕ್ಲಾರಿನೆಟ್ ಕಲ್ಲಣ್ಣನ ಮುಂದಿನ ಹಲ್ಲುಗಳು

ಬೆಟಗೇರಿಯಲ್ಲಿ ಕಲ್ಲಣ್ಣ ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡವರು ಕಡಿಮೆ. ಚಹಾದ ಕಪ್ಪು ಕೈಗೆ ಬಂದರೆ ಓಣಿಯ ಉದ್ದಕ್ಕೂ ಅಡ್ಡಾಡುತ್ತ ಕುಡಿಯುತ್ತಿದ್ದ. ಊಟಕ್ಕೆ ಕೂತರೆ ಕೊನೆಯ ತುತ್ತು ಬಾಯಲ್ಲಿರುವಾಗಲೇ ಎದ್ದು ನಿಂತಿರುತ್ತಿದ್ದ. ಅಪ್ಪ, ಅಜ್ಜ ಎಲ್ಲರೂ ನೇಕಾರರು. ಅವನೂ ಹರೆಯದಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನೇ. ಲಾಳಿಯ ಹಗ್ಗ ಜಗ್ಗುವುದರಲ್ಲಿ ಅವನ ಬಲಗೈ ಎಲ್ಲರಿಗಿಂತ ಚುರುಕು, ನೂಲು ಹರಿಯುವುದರಲ್ಲಿಯೂ ಅಷ್ಟೇ. "ನಿನ್ನ ಕೈಗೆ ತಾಳ್ಮಿ ಅನ್ನೋದು ದೇವರು ಬರದೇ ಇಲ್ಲಲೇ" ಎಂದು ಅಪ್ಪ ಬೈದು ಬೈದು ಸುಮ್ಮನಾದ.

ಆ ಚಡಪಡಿಕೆಯನ್ನು ಹಿಡಿದು ನಿಲ್ಲಿಸಿದ್ದು ಕ್ಲಾರಿನೆಟ್ ಒಂದೇ. ಅದೇ ಓಣಿಯ ಚನ್ನಬಸವಣ್ಣ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಅವನ ಬೆನ್ನು ಬಿದ್ದು ಕಲ್ಲಣ್ಣ ಕಲಿತ. ಆ ಕರಿ ಕೊಳವೆ ತುಟಿಗೆ ತಾಕಿದರೆ ಮೈಯೆಲ್ಲ ನಿಂತ ನೀರಾಗುತ್ತಿತ್ತು, ಬೆರಳು ಮಾತ್ರ ಓಡುತ್ತಿದ್ದವು. ಈಗ ಐವತ್ತರ ಹತ್ತಿರ ಬಂದಿದ್ದ. ಇಜಾಜನ ಬ್ಯಾಂಡ್ ಕಂಪನಿಯಲ್ಲಿ ಮುಂದಿನ ಸಾಲಿನವನು. ಲಗ್ನದ ದಿನಗಳು ಬಂದವೆಂದರೆ ಇವತ್ತು ಶಿರಹಟ್ಟಿ, ನಾಳೆ ಹೊಂಬಳ, ನಾಡಿದ್ದು ಮುಂಡರಗಿ ಎಂದು ಟೆಂಪೋದಲ್ಲೇ ಅವನ ಬಾಳ್ವೆ.

ಚನ್ನಬಸವಣ್ಣನ ಗತಿಯನ್ನು ಅವನು ಕಣ್ಣಾರೆ ಕಂಡಿದ್ದ. ಅರವತ್ತು ತುಂಬುವ ಮೊದಲೇ ಮೇಲಿನ ಮುಂದಿನ ಹಲ್ಲುಗಳು ಬಿದ್ದವು. ಕ್ಲಾರಿನೆಟ್ಟಿನ ಬಾಯಿತುದಿ ಕೂರುವುದೇ ಆ ಹಲ್ಲುಗಳ ಆಸರೆಯ ಮೇಲೆ. ಕಟ್ಟಿಸಿದ ಹಲ್ಲಿನಿಂದ ಹಿಡಿತ ಸಿಗಲಿಲ್ಲ, ಸ್ವರ ಸೀಳತೊಡಗಿತು. ಬ್ಯಾಂಡಿನವರು ಮರ್ಯಾದೆಗೆಂದು ಅವನ ಕೈಗೆ ಎರಡು ಗಿಲಕಿ ಕೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಎರಡು ಮೆರವಣಿಗೆ ಗಿಲಕಿ ಅಲ್ಲಾಡಿಸಿ, ಆಮೇಲೆ ಅವನು ಮನೆಯಿಂದ ಹೊರಗೇ ಬರಲಿಲ್ಲ.

ಹೋದ ವರ್ಷ ಲಕ್ಷ್ಮೇಶ್ವರದಲ್ಲಿ ಒಂದು ಮದುವೆ. ಮದುಮಗ ಕಾರಿನಿಂದ ಇಳಿಯುವ ಹೊತ್ತಿಗೆ ಕಲ್ಲಣ್ಣ ಒಂದು ಎತ್ತರದ ಸ್ವರ ಹಿಡಿದು ಎಳೆಯಬೇಕಿತ್ತು. ಹಿಡಿದ. ನಡುವೆಯೇ ಬಾಯಲ್ಲಿ ಉಪ್ಪುಪ್ಪಾಯಿತು, ಗಾಳಿ ಜಾರಿತು, ಸ್ವರ ಹರಿದ ಬಟ್ಟೆಯ ಹಾಗೆ ಪರ್ರನೆ ಸೀಳಿತು. ಪಕ್ಕದಲ್ಲಿದ್ದ ಇಜಾಜ ತನ್ನ ಟ್ರಂಪೆಟ್ ಏರಿಸಿ ಮುಚ್ಚಿಹಾಕಿದ. ಕಲ್ಲಣ್ಣ ಬದಿಗೆ ತಿರುಗಿ ಬಾಯಿತುದಿ ಒರೆಸಿದರೆ ಕರವಸ್ತ್ರ ಕೆಂಪಾಯಿತು. ನಾಲಗೆಯಿಂದ ಮೇಲಿನ ಹಲ್ಲನ್ನು ತಳ್ಳಿ ನೋಡಿದ. ಅದು ಅಲುಗಿತು.

ಅವತ್ತಿನಿಂದ ಆ ನಾಲಗೆಗೆ ಬೇರೆ ಕೆಲಸವೇ ಇಲ್ಲದಂತಾಯಿತು. ನಿಂತಲ್ಲಿ, ನಡೆವಲ್ಲಿ, ಯಾರಾದರೂ ಮಾತಾಡುತ್ತಿರುವಾಗ ಅದು ಹೋಗಿ ಹಲ್ಲನ್ನು ಮುಟ್ಟಿ ಬರುತ್ತಿತ್ತು. ನಿನ್ನೆಗಿಂತ ಹೆಚ್ಚು ಅಲುಗುತ್ತಿದೆಯೋ ಇಲ್ಲವೋ? ಕನ್ನಡಿಯ ಮುಂದೆ ಹೋಗುತ್ತಿದ್ದ, ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಯಾರಿಗೂ ಹೇಳಲಿಲ್ಲ. ಹೊಲಸು ಕೂತಿದೆ, ಗಟ್ಟಿಯಾಗಿ ತಿಕ್ಕಿದರೆ ಸರಿಹೋಗುತ್ತದೆ ಎಂಬುದು ಅವನ ಲೆಕ್ಕ. ಅಂಗಡಿಯಲ್ಲಿ ಇದ್ದುದರಲ್ಲೇ ಬಿರುಸಾದ ಬ್ರಶ್ ಹುಡುಕಿ ತಂದು, ಪಾತ್ರೆಯ ತಳ ಉಜ್ಜುವಂತೆ ಉಜ್ಜಿದ. ರಕ್ತ ಬಂದಷ್ಟೂ ಇನ್ನೂ ಜೋರಾಗಿ ಉಜ್ಜಿದ. ಅದನ್ನು ಕಂಡ ತಾಯಿ ಯಮನವ್ವ ತಾನು ವಸಡಿಗೆ ಹಚ್ಚುತ್ತಿದ್ದ ಸುಟ್ಟ ತಂಬಾಕಿನ ಪುಡಿಯ ಡಬ್ಬಿ ಮುಂದೆ ಹಿಡಿದಳು.

"ಇದನ್ನ ಹಚ್ಚು. ನೋವು ಅನ್ನೂದು ಗೊತ್ತಾಗೂದಿಲ್ಲ."

ಆಕೆಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ ಎಂಬುದು ಕಲ್ಲಣ್ಣನ ತಲೆಗೆ ಹೊಳೆಯಲೇ ಇಲ್ಲ. ಹಚ್ಚಿದ. ಬಾಯಿ ಜೋಮು ಹಿಡಿಯಿತು, ಎರಡು ದಿನ ಹಾಯೆನಿಸಿತು. ಮೂರನೆಯ ದಿನ ಹಲ್ಲಿನ ಬುಡ ಊದಿಕೊಂಡು ರೊಟ್ಟಿ ಮುರಿದು ಬಾಯಿಗಿಟ್ಟರೂ ಕಣ್ಣಲ್ಲಿ ನೀರು ಬಂತು.

ಹೆಂಡತಿ ರಂಜನಾ ಮನೆಯಲ್ಲೇ ಹೊಲಿಗೆ ಮಾಡುವವಳು. ಮಾತು ಕಡಿಮೆ, ಕಣ್ಣು ಚುರುಕು. ಬಚ್ಚಲಿನಲ್ಲಿ ಗುಲಾಬಿ ಬಣ್ಣದ ನೊರೆ ಕಂಡಿದ್ದಳು. ಹಳೆಯ ಕಸಬರಿಗೆಯ ಹಾಗೆ ಕೆದರಿ ನಿಂತಿದ್ದ ಹೊಸ ಬ್ರಶ್ಶನ್ನು ತಂದು ಅವನ ಮುಂದಿಟ್ಟಳು.

"ಇದರ ಗತಿ ಹಿಂಗಾಗೇತಿ ಅಂದ್ರ, ವಸಡಿನ ಗತಿ ಏನಾಗಿರಬೇಕ್ರಿ?"

"ಏನಿಲ್ಲ, ಸ್ವಲ್ಪ ಉಷ್ಣ ಆಗೇತಿ."

"ಉಷ್ಣಕ್ಕ ಹಲ್ಲು ಅಳ್ಳಾಡತಾವೇನ್ರಿ? ನೀವು ನಾಲಿಗಿ ಆಡಸೂದು ನನಗ ಕಾಣಂಗಿಲ್ಲ ಅಂತ ತಿಳಕೊಂಡೀರೇನು?"

ಮರುದಿನ ಗದಗಿನ ದಂತವೈದ್ಯೆ ವಿದ್ಯಾಶ್ರೀಯವರ ದವಾಖಾನೆಗೆ ಕರೆದುಕೊಂಡು ಹೋದಳು. ಹೊರಗಿನ ಬೆಂಚಿನ ಮೇಲೆ ಕೂತ ಹೆಂಗಸರು, ಮತ್ತೆ ಮತ್ತೆ ಎದ್ದು ರಸ್ತೆಗೆ ಹೋಗಿ ಬರುತ್ತಿದ್ದ ಈ ಮನುಷ್ಯನನ್ನು ನೋಡಿ ತಮ್ಮೊಳಗೇ ನಕ್ಕರು.

ವಿದ್ಯಾಶ್ರೀ ಚಿಕ್ಕ ವಯಸ್ಸಿನವರು, ಮಾತು ನೇರ. ಏನೇನು ಹಚ್ಚಿದಿರೆಂದು ಕೇಳಿಕೊಂಡು, ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಬುಡ ಅಳೆದು, ಎಕ್ಸ್‌ರೇ ತೆಗೆದು, ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಕಲ್ಲಣ್ಣಾರ, ನೀವು ತಿಕ್ಕಿಲ್ಲ ಅಂತಲ್ಲ. ಭಾಳ ತಿಕ್ಕೀರಿ. ಆದ್ರ ತಿಕ್ಕಬೇಕಾದ ಜಾಗಾ ಬಿಟ್ಟೀರಿ. ಹಲ್ಲು ಮತ್ತ ವಸಡು ಕೂಡೋ ಅಂಚಿನಾಗ ಅಂಟಂಟು ಕೊಳಿ ಕೂಡತೈತಿ. ದಿನಾ ತಗೀಲಿಲ್ಲಂದ್ರ ಅದು ಕಲ್ಲಾಗತೈತಿ. ವಸಡು ಊದತೈತಿ, ಒಳಗಿನ ಎಲುಬು ಕರಗತೈತಿ. ಅದರ ಮ್ಯಾಲೆ ನೀವು ಜೋರು ಮಾಡಿದ್ದಕ್ಕ ವಸಡು ಹಿಂದ ಸರದೈತಿ."

ಕಲ್ಲಣ್ಣನಿಗೆ ಬೇಕಾಗಿದ್ದುದು ಒಂದೇ ಮಾತು. "ನಾ ಊದಬೋದೇನ್ರಿ?"

"ಈಗ ಬ್ಯಾಡ. ಮುಂದ ಅನ್ನೂದಕ್ಕ ನಾ ಮಾತು ಕೊಡಂಗಿಲ್ಲ. ಅರ್ಧ ಕೆಲಸ ನಂದು, ಇನ್ನರ್ಧ ನಿಮ್ಮದು. ಆ ತಂಬಾಕಿನ ಪುಡಿ ಮಾತ್ರ ಇವತ್ತಿಗೇ ಬಿಡ್ರಿ."

ಅವರ ಅರ್ಧ ಬೇಗ ಮುಗಿಯಿತು. ಕೆಲವು ಸಲ ಕರೆಸಿ, ವಸಡಿನ ಒಳಗಿನವರೆಗೂ ಕಲ್ಲು ತೆಗೆದು, ಅಲುಗುತ್ತಿದ್ದ ಮುಂದಿನ ಹಲ್ಲುಗಳನ್ನು ಹಿಂಬದಿಯಿಂದ ತೆಳುವಾದ ತಂತಿಯಲ್ಲಿ ಒಂದಕ್ಕೊಂದು ಕಟ್ಟಿದರು. ಕೆಳಗಿನ ಒಂದು ದವಡೆ ಹಲ್ಲು ಉಳಿಯುವಂತಿರಲಿಲ್ಲ, ಕಿತ್ತರು. ಇಜಾಜ ಹುಬ್ಬಳ್ಳಿಯಿಂದ ಬೇರೊಬ್ಬ ಕ್ಲಾರಿನೆಟ್ಟಿನವನನ್ನು ಕರೆಸಿಕೊಂಡ. ಬ್ಯಾಂಡಿನ ಟೆಂಪೋ ಓಣಿಯ ತುದಿಯಲ್ಲಿ ಹಾರ್ನ್ ಹೊಡೆದು ಹೋಗುವಾಗ ಕಲ್ಲಣ್ಣ ಒಳಗೆ ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದ. ಆಮೇಲೆ ತಡೆಯಲಾಗದೆ ತೆಗೆದು ನೋಡುತ್ತಿದ್ದ.

ಉಳಿದರ್ಧವೇ ತೊಡಕು. ವಿದ್ಯಾಶ್ರೀ ಪ್ಲಾಸ್ಟಿಕ್ಕಿನ ದವಡೆಯೊಂದನ್ನು ಮೇಜಿನ ಮೇಲಿಟ್ಟು, ಹ್ಯಾಗೆ ಬ್ರಶ್ ಮಾಡುತ್ತೀರಿ ತೋರಿಸಿ ಎಂದರು. ಕಲ್ಲಣ್ಣನ ಬಲಗೈ ಲಾಳಿ ಹೊಡೆದಂತೆ ಎರಡೇ ಎಳೆತ ಎಳೆಯಿತು. ದವಡೆ ಹಾರಿ ಕೆಳಗೆ ಬಿತ್ತು. ಮೆಲ್ಲಗೆ ಎಂದು ಕೈ ಹಿಡಿದು ತೋರಿಸಿದರು. ಅವರು ಕೈ ಬಿಟ್ಟ ಕೂಡಲೇ ಮತ್ತೆ ಅದೇ.

"ಈ ಕೈಗೆ ಈ ವಯಸ್ಸಿನಾಗ ಬುದ್ಧಿ ಕಲಸೂದು ಕಷ್ಟ" ಎಂದರು ಅವರು. "ಮೆತ್ತಗ ಮಾಡೋರಿಗೆ ಸಾದಾ ಬ್ರಶ್ಶೂ ಸಾಕು. ನಿಮಗ ಕರೆಂಟಿನ ಬ್ರಶ್ ಆಗಬೇಕು. ತಿರಗೂದು ಅದರ ಕೆಲಸ, ಬರೀ ಹಿಡಕೊಳ್ಳೂದು ನಿಮ್ಮ ಕೆಲಸ. ವಸಡಿನ ಅಂಚಿಗೆ ಓರಿ ಮಾಡಿ ಇಟ್ಟು, ಒಂದೊಂದು ಹಲ್ಲಿನ ಮ್ಯಾಲೆ ಒಂದೀಟು ನಿಂದರಸ್ರಿ. ಜೋರ್ ಒತ್ತಿದ್ರ ಕೆಂಪು ದೀಪ ಹತ್ತತೈತಿ."

"ಅಲ್ರಿ ಡಾಕ್ಟ್ರ, ಮೊದಲ ಅಳ್ಳಾಡೋ ಹಲ್ಲು. ಅದಕ್ಕ ಗುರ್‌ ಅನ್ನೋ ಮಷಿನ್ ಹಿಡದ್ರ ಉದುರಿ ಕೈಗೇ ಬರಂಗಿಲ್ಲೇನು?"

"ನಿಮ್ಮ ಕೈ ಅಲ್ಲಾಡಸಿದಷ್ಟು ಅದು ಅಲ್ಲಾಡಸಂಗಿಲ್ರಿ. ಮೆತ್ತನ ಕೂದಲಿನ ತಲಿ ಹಾಕ್ರಿ. ಅಂಚಿನ ಕೊಳಿ ದಿನಾ ಹೋತಂದ್ರ ವಸಡು ತಾನ ಬಿಗಿ ಹಿಡೀತೈತಿ."

ರಂಜನಾ ಮೊಬೈಲಿನಲ್ಲಿ ನೋಡಿ ತರಿಸಿದಳು. ಮೊದಲ ದಿನ ಕಲ್ಲಣ್ಣ ಪೇಸ್ಟ್ ಹಚ್ಚಿ, ಬಾಯಿಗಿಡುವ ಮೊದಲೇ ಗುಂಡಿ ಒತ್ತಿದ. ಕನ್ನಡಿಗೆ, ಗೋಡೆಗೆ, ಪಕ್ಕದಲ್ಲಿ ಮುಖ ತೊಳೆಯುತ್ತಿದ್ದ ಯಮನವ್ವನ ಸೀರೆಗೆ ಬಿಳಿ ಚುಕ್ಕೆ ಎದ್ದವು.

"ಬಾಯಾಗ ಹಿಟ್ಟಿನ ಗಿರಣಿ ಇಟ್ಟಂಗ ಐತಿ ನೋಡು" ಎಂದಳು ಆಕೆ. "ಹಲ್ಲಿದ್ದಾಗ ಕಡ್ಲಿ ಇಲ್ಲ ಅಂತಿದ್ರು. ಈಗ ಹಲ್ಲಿಗೆ ಕರೆಂಟು ಬೇರೆ."

ಬಾಯಿಗಿಟ್ಟರೆ ತಲೆಬುರುಡೆಯ ಒಳಗೆಲ್ಲ ದುಂಬಿ ಹೊಕ್ಕಂತೆ ಗುಂಯ್‌ಗುಡುವುದು. ಕೈ ಹಳೆಯ ಚಾಳಿಯಂತೆ ತಿಕ್ಕಲು ಹೋಗುವುದು, ಕೆಂಪು ದೀಪ ಹತ್ತುವುದು. ಕೈ ಸಡಿಲಿಸಿದರೆ ಆರುವುದು, ಮರೆತರೆ ಮತ್ತೆ ಹತ್ತುವುದು. ಎರಡು ನಿಮಿಷ ನಿಂತಲ್ಲಿ ನಿಲ್ಲುವುದೆಂದರೆ ಅವನಿಗೆ ಜೈಲು. ನಾಲ್ಕು ದಿನಕ್ಕೇ ಅದನ್ನು ಅಟ್ಟದ ಮೇಲೆ ಎಸೆದು, ಹಳೆಯ ಬಿರುಸು ಬ್ರಶ್ಶಿಗೆ ಮರಳಿದ. ಮರುದಿನ ಉಗುಳಿದಾಗ ಮತ್ತೆ ಕೆಂಪು. ರಂಜನಾ ನೋಡಿದಳು. ಬೈಯಲಿಲ್ಲ.

"ಒಂದು ಮಾತು ಹೇಳ್ತೀನಿ" ಎಂದಳು. "ಕ್ಲಾರಿನೆಟ್ ಕಲಿಯಾಕ ನಿಮಗ ಎಷ್ಟು ವರ್ಷ ಬೇಕಾತು? ಆವಾಗ ನಿಂದ್ರಾಕ ಬರತಿತ್ತು. ಈಗ ಇದನ್ನ ಹಿಡದು ಒಂದೀಟು ನಿಂದ್ರಾಕ ಆಗವಲ್ದು ಅಂದ್ರ, ಊದೂದು ಬ್ಯಾಡ ಅಂತ ನೀವ ಮನಸ್ಸು ಮಾಡಿದಂಗ."

ಕಲ್ಲಣ್ಣ ಇಡೀ ಮಧ್ಯಾಹ್ನ ಓಣಿಯಲ್ಲಿ ಅಡ್ಡಾಡಿದ. ಸಂಜೆ ಅಟ್ಟದಿಂದ ಬ್ರಶ್ ಇಳಿಸಿದ.

ಈ ಸಲ ಕನ್ನಡಿ ನೋಡಲಿಲ್ಲ, ಕಣ್ಣು ಮುಚ್ಚಿದ. ಆ ಗುಂಯ್‌ಕಾರ ಕಿವಿಗೆ ಬಿತ್ತು. ಅದು ಏರಿಳಿಯದ ಒಂದೇ ಸ್ವರ, ಶ್ರುತಿಪೆಟ್ಟಿಗೆಯ ಹಾಗೆ. ಒತ್ತಿದರೆ ಆ ಸ್ವರ ಕೊರಗುತ್ತಿತ್ತು, ಹಗುರ ಹಿಡಿದರೆ ತಿಳಿಯಾಗುತ್ತಿತ್ತು. ದೀಪ ನೋಡುವ ಅಗತ್ಯವೇ ಬೀಳಲಿಲ್ಲ. ಆ ಸ್ವರದ ಮೇಲೆ ಮೂಗಿನಲ್ಲೇ ಒಂದು ರಾಗ ಎಳೆಯುತ್ತ ಹಿಂದಿನ ದವಡೆಯಿಂದ ಹೊರಟು ಒಂದೊಂದೇ ಹಲ್ಲು ದಾಟಿ ಬಂದ. ಮುಂದಿನ ಹಲ್ಲುಗಳ ಹತ್ತಿರ ಇನ್ನೂ ಹಗುರ ಹಿಡಿದ, ಆದರೆ ಬ್ರಶ್ ಎತ್ತಲಿಲ್ಲ. ಎರಡು ನಿಮಿಷ ತುಂಬಿ ಬ್ರಶ್ ತಾನಾಗಿಯೇ ನಿಂತಾಗ ಅವನಿಗೇ ಅಚ್ಚರಿ. ಅಷ್ಟು ಹೊತ್ತು ಅವನು ಕಾಲು ಕದಲಿಸಿರಲಿಲ್ಲ.

ಮುಂದೆ ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ತಪ್ಪಲಿಲ್ಲ. ಹಲ್ಲುಗಳ ಸಂದಿಗೆಂದು ವಿದ್ಯಾಶ್ರೀ ಕೊಟ್ಟ ಸಣ್ಣ ಬ್ರಶ್ಶನ್ನೂ ಗೊಣಗುತ್ತಲೇ ಆಡಿಸಿದ. ಮೊದಲ ವಾರ ಅಲ್ಪಸ್ವಲ್ಪ ರಕ್ತ ಕಂಡಿತು. ಆಮೇಲೆ ನೊರೆ ಬೆಳ್ಳಗೆ ಉಳಿಯಿತು. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ದಿನಾ ಉಗುಳಿ ಬಗ್ಗಿ ನೋಡುತ್ತಿದ್ದ, ರಂಜನಾಳನ್ನೂ ಕರೆದು ತೋರಿಸುತ್ತಿದ್ದ.

"ಬೆಳ್ಳಗೈತ್ರಿ. ನಿನ್ನೀನೂ ಬೆಳ್ಳಗ ಇತ್ತು. ಹೊಲಿಗಿ ಬಿಟ್ಟು ಬಚ್ಚಲ ನೋಡಿಕೋತ ಕುಂಡ್ರಲೇನು?"

ವಿದ್ಯಾಶ್ರೀ ಮತ್ತೆ ಅಳೆದರು. ಊತ ಇಳಿದಿತ್ತು, ವಸಡು ಹಲ್ಲಿಗೆ ಅಂಟಿಕೊಂಡಿತ್ತು. "ಕರಗಿದ ಎಲುಬು ತಿರುಗಿ ಬರಂಗಿಲ್ಲ" ಎಂದರು. "ಇದ್ದದ್ದನ್ನ ಕಾಯಬೇಕು. ಬ್ರಶ್ ಬಂತಂತ ನನ್ನ ಕಡೆ ಬರೂದು ಬಿಟ್ರ ಮತ್ತ ಮೊದಲಿನಂಗ ಆಗತೈತಿ. ದಿನಾ ಸ್ವಲ್ಪ ಸ್ವಲ್ಪ ಊದಿ ನೋಡ್ರಿ."

ಊದಿದ. ತುಟಿ ಸೋತಿತ್ತು, ಉಸಿರು ಮರೆತಿತ್ತು. ಎತ್ತರದ ಸ್ವರದ ಹತ್ತಿರ ಬಂದರೆ ಧೈರ್ಯವೇ ಬರುತ್ತಿರಲಿಲ್ಲ, ಕೆಳಗೇ ಸುತ್ತಾಡಿ ಇಳಿದುಬಿಡುತ್ತಿದ್ದ. ಹಾಗಿರುವಾಗಲೇ ಬ್ಯಾಂಡಿಗೆ ಮುಂಡರಗಿಯ ಒಂದು ಮದುವೆಯ ಕರೆ ಬಂತು. ಹುಬ್ಬಳ್ಳಿಯವನಿಗೆ ಬೇರೆ ಕಡೆ ಒಪ್ಪಂದವಿತ್ತು. ಇಜಾಜ ಸಂಕೋಚದಿಂದಲೇ ಕೇಳಿದ.

"ಆಗತೈತೇನು ಕಲ್ಲಣ್ಣಾ? ಆಗಲಿಲ್ಲಂದ್ರ ಹೇಳಿಬಿಡು, ಬ್ಯಾಸರ ಇಲ್ಲ."

"ನೋಡೋಣ ಬಾ" ಎಂದಷ್ಟೇ ಹೇಳಿದ.

ಹಾದಿಯುದ್ದಕ್ಕೂ ಟೆಂಪೋದಲ್ಲಿ ಅವನ ಮೊಣಕಾಲು ಕುಣಿಯುತ್ತಲೇ ಇತ್ತು. ಮುಂಡರಗಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬೀಗರು ಎದುರಾಗುವ ಹೊತ್ತಿಗೆ ಇಜಾಜ ಟ್ರಂಪೆಟ್ ಇಳಿಸಿ ಅವನ ಕಡೆ ನೋಡಿದ. ಕಲ್ಲಣ್ಣ ಕೆಳಗಿನಿಂದ ಹತ್ತಿ ಆ ಸ್ವರಕ್ಕೆ ಬಂದ, ಹಲ್ಲು ಊರಿದ. ನೋವಿಲ್ಲ. ಉಪ್ಪಿಲ್ಲ. ಸ್ವರ ಮೊದಲು ಸ್ವಲ್ಪ ನಡುಗಿತು, ಆಮೇಲೆ ನಿಂತಿತು. ಬೀಗರು ಹಾರ ಹಾಕಿಕೊಂಡು ಒಳಗೆ ಹೋಗುವವರೆಗೂ ಅವನು ಬಿಡಲಿಲ್ಲ.

ಬಾಯಿತುದಿ ಒರೆಸಿ ಕರವಸ್ತ್ರವನ್ನು ಬಿಸಿಲಿಗೆ ಹಿಡಿದು ನೋಡಿದ. ಮಡಚಿ, ಮತ್ತೆ ಬಿಚ್ಚಿ ನೋಡಿದ. ಊಟದ ಪಂಕ್ತಿಯಲ್ಲಿ ಇಜಾಜ ಪಕ್ಕಕ್ಕೆ ಬಂದು ಕೂತು, ಹೋಳಿಗೆಯನ್ನು ಒಂದೇ ದವಡೆಯಲ್ಲಿ ಅಗಿಯುತ್ತಿದ್ದ. ಕಲ್ಲಣ್ಣ ಅದನ್ನೇ ನೋಡುತ್ತ ಕೂತ.

"ಆ ಕಡೆ ದವಡಿಗೆ ಏನಾಗೇತಿ?"

"ಏನಿಲ್ಲ ಬಿಡು. ಸ್ವಲ್ಪ ಉಷ್ಣ" ಎಂದ ಇಜಾಜ.

"ಬಾಯಿ ತಗಿ, ನೋಡೋಣ."

"ಪಂಕ್ತ್ಯಾಗೇನ್ ಮಾರಾಯಾ? ಊಟ ಮಾಡು."

ಕಲ್ಲಣ್ಣ ಎಲೆ ಬಿಟ್ಟು ಆಗಲೇ ಎದ್ದಿದ್ದ. ದವಾಖಾನೆಯ ನಂಬರಿಗಾಗಿ ಜೇಬಿನಲ್ಲಿ ಮೊಬೈಲ್ ಹುಡುಕುತ್ತಿದ್ದ.