ಬಲಗಡೆಯ ಮಡ್‌ಗಾರ್ಡು

ಶಾರದಮ್ಮನವರೇ, ನಿಮ್ಮ ಅಂಬಾಸಡರ್ ಕಾರಿನ ಬಲಗಡೆಯ ಮಡ್‌ಗಾರ್ಡಿಗೆ ಹಿಂದೆಂದೋ ಏಟು ಬಿದ್ದಿತ್ತೆಂದು ಪತ್ತೆ ಹಚ್ಚಿದವನು ನಾನಲ್ಲ. ನೀವೇ ನನಗೆ ಹೇಳಿದಿರಿ. ನಿಮ್ಮ ಯಜಮಾನರ ಮುಂದೆ ಎತ್ತುವುದಿಲ್ಲವೆಂದು ನಿಮಗೆ ಮಾತು ಕೊಟ್ಟೆ. ನೀವು ಕಾಫಿ ಸೋಸಿ ತರುವಷ್ಟರಲ್ಲಿ ಅದನ್ನೇ ಅವರ ಎದುರು ನನ್ನ ಜಾಣತನವೆಂಬಂತೆ ಹೇಳಿಬಿಟ್ಟೆ. ಆಮೇಲೆ ಅವರು ನಿಮ್ಮ ಮೇಲೆ ಮೋಸದ ಆರೋಪ ಹೊರಿಸಿದಾಗ — ಸುಮ್ಮನಿದ್ದೆ.

ಇದನ್ನು ಈಗ ಧೈರ್ಯ ಬಂದು ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಸುಳ್ಳನ್ನು ಹೊತ್ತು ತಿರುಗಿ ಸಾಕಾಗಿದೆ, ಅಷ್ಟೆ.

ನಾನು ಆಗ ಯಲಹಂಕದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಹಳೆಯ ಕಾರುಗಳ ಹುಚ್ಚು ಹೊಸದಾಗಿ ಹಿಡಿದಿತ್ತು. ಅದೇ ಹುಚ್ಚಿನ ಗೆಳೆಯ, ಆರ್.ಟಿ. ನಗರದ ಮಂಜುವನ್ನು ಕರೆದುಕೊಂಡು ಒಂದು ಭಾನುವಾರ ಅಬ್ಬಿಗೆರೆಯ ನಿಮ್ಮ ಮನೆಗೆ ಬಂದೆ. ನಿಮ್ಮ ಯಜಮಾನರು ಗೋವಿಂದಯ್ಯನವರು ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಕಣ್ಣು ಮಂಜಾಗಿ, ಇನ್ನು ಗಾಡಿ ಓಡಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ಮಾರಲು ಹೊರಟಿದ್ದರು. ಹೊದಿಸಿದ್ದ ಹಳೆಯ ಬೆಡ್‌ಶೀಟನ್ನು ಅವರು ಮಲಗಿದ ಮಗುವಿನ ಮೇಲಿಂದ ತೆಗೆದಂತೆ ತೆಗೆದರು.

"ಒಂದೇ ಕೈ ಗಾಡಿ ಸಾರ್. ನಾನ್ ಬಿಟ್ರೆ ಈ ಸ್ಟೀರಿಂಗ್ ಯಾರೂ ಮುಟ್ಟಿಲ್ಲ. ಒಂದ್ ಏಟು ತೋರ್ಸಿ, ಗಾಡಿ ಪುಕ್ಸಟ್ಟೆ ತಗೊಂಡ್ ಹೋಗಿ!"

ಕಾರಿನ ಕಾಗದ ತೋರಿಸಲು ಅವರು ಮಂಜುವನ್ನು ಒಳಗೆ ಕರೆದೊಯ್ದಾಗ ನೀವು ನನ್ನನ್ನು ನಲ್ಲಿಯ ಹತ್ತಿರ ಕರೆದಿರಿ. ಆ ಮಾತುಗಳು ನನಗೆ ನೆನಪಿವೆ — ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ, ಆದರೂ ಇವಿಷ್ಟು ಉಳಿದಿವೆ.

"ಬಲಗಡೆ ಮಡ್‌ಗಾರ್ಡ್‌ಗೆ ಪುಟ್ಟಿ ಹಾಕ್ಸಿದೆ ಸಾರ್. ಇವರು ಟ್ರೈನಿಂಗ್ ಅಂತ ಪುಣೆಗೆ ಹೋಗಿದ್ರು, ಆಗ ಕ್ವಾರ್ಟರ್ಸ್‌ನಲ್ಲಿ ಪಕ್ಕದ್ಮನೆ ಅಕ್ಕ ನಂಗೆ ಡ್ರೈವಿಂಗ್ ಕಲಿಸ್ತಿದ್ರು. ಗೇಟ್ ಕಂಬಕ್ಕೆ ಗುದ್ದಿಸ್ಬಿಟ್ಟೆ. ಇವರು ಬರೋಷ್ಟ್ರಲ್ಲಿ ರಿಪೇರಿ ಮಾಡ್ಸಿ ನಿಲ್ಸಿದ್ದೆ. ಇವತ್ತಿಗೂ ಇವರಿಗೆ ಗೊತ್ತಿಲ್ಲ."

ನಕ್ಕಿರಿ. "ಜಾಲಹಳ್ಳಿ ರೋಡಲ್ಲಿ ಥರ್ಡ್ ಗೇರ್‌ವರೆಗೂ ಹೋಗಿದ್ದೆ ಸಾರ್ ನಾನು!"

ಆಮೇಲೆ ದನಿ ತಗ್ಗಿಸಿದಿರಿ. "ನಿಮ್ಮಿಂದ ಮುಚ್ಚಿಟ್ಟು ಮಾರೋಕೆ ಮನಸ್ಸಿಲ್ಲ. ಕಮ್ಮಿಗೇ ಕೇಳಿ. ಕಾರಣ ಕೇಳಿದ್ರೆ ಟಯರ್ ಸವೆದಿದೆ ಅನ್ನಿ. ಇದೊಂದ್ ಮಾತ್ರ ಅವರ ಮುಂದೆ ಬೇಡ."

"ಆಯ್ತಮ್ಮ, ಹೇಳಲ್ಲ" ಎಂದೆ.

ನೀವು ಕಾಫಿಗೆಂದು ಒಳಗೆ ಹೋದಿರಿ, ಅವರಿಬ್ಬರೂ ಹೊರಗೆ ಬಂದರು. ನಾನು ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದೆ. ಹಳೆಯ ಕಾರು ನೋಡುವವರು ಹಾಗೆ ಮಾಡುತ್ತಾರೆ — ಅಸಲು ತಗಡಿಗೆ ಅದು ಅಂಟುತ್ತದೆ, ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಗೋವಿಂದಯ್ಯನವರಿಗೆ ಅದನ್ನು ನೋಡಿ ನಗು ಬಂತು.

"ಏನ್ ಸಾರ್ ಇದು, ಸೈನ್ಸ್ ಎಕ್ಸಿಬಿಷನ್ನಾ? ಹಿಸ್ಟರಿ ಮೇಷ್ಟ್ರಲ್ವಾ ನೀವು? ರಾಜರ ಹಿಸ್ಟರಿ ನೀವ್ ಹೇಳಿ, ಗಾಡಿ ಹಿಸ್ಟರಿ ನನ್ ಕೇಳಿ!"

ಮಂಜು ಜೋರಾಗಿ ನಕ್ಕ.

ಅಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಎಡಗಡೆಯಿಂದ ಶುರು ಮಾಡಿದೆ, ಬೇಕೆಂದೇ ನಿಧಾನವಾಗಿ. ಬಾಗಿಲು, ಡಿಕ್ಕಿ — ಎಲ್ಲ ಕಡೆಯೂ ಅಂಟಿತು. ಬಲಗಡೆಗೆ ಬಂದೆ. ಎಲ್ಲಿ ಇಡಬೇಕೆಂದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಎರಡು ಕಡೆ ಇಟ್ಟು, ಮೂರನೆಯದಾಗಿ ಅಲ್ಲಿಟ್ಟೆ. ಜಾರಿ ನೆಲಕ್ಕೆ ಬಿತ್ತು.

"ಇಲ್ಲಿ ಏಟು ಬಿದ್ದಿದೆ ಸಾರ್."

"ಏನ್ ಕಣ್ಣು ಗುರು ನಿಂದು!" ಎಂದ ಮಂಜು.

ಗೋವಿಂದಯ್ಯನವರು ಅಯಸ್ಕಾಂತವನ್ನು ಎತ್ತಿಕೊಂಡು ತಾವೇ ಇಟ್ಟು ನೋಡಿದರು. ಬಿತ್ತು. ಮತ್ತೆ ಇಟ್ಟರು. ಆ ಹೊತ್ತಿಗೆ ನೀವು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ಅವರು ಕೇಳುವ ಮೊದಲೇ, "ನಾನೇ. ನೀವು ಪುಣೆಗೆ ಹೋಗಿದ್ದಾಗ" ಎಂದಿರಿ.

ಅವರು ಕೂಗಾಡಲಿಲ್ಲ. "ಇಷ್ಟ್ ವರ್ಷ ಎಲ್ಲಾರ್ ಹತ್ರಾನೂ ಕೊಚ್ಕೋತಿದ್ದೆ. ಪಕ್ಕದಲ್ಲೇ ನಿಂತು ಕೇಳ್ತಿದ್ದೆಯಲ್ಲೇ" ಎಂದರು. ಆಮೇಲೆ — "ನನ್ ಹತ್ರ ಮುಚ್ಚಿಟ್ಟೆ, ಹೋಗ್ಲಿ. ಮನೆಗ್ ಬಂದೋರಿಗೂ ಮೋಸ ಮಾಡೋಕ್ ನಿಂತಿದ್ಯಾ?"

ಆಗ ನೀವು ನನ್ನ ಕಡೆ ನೋಡಿದಿರಿ.

"ಇಲ್ಲ ಸಾರ್, ಅಮ್ಮ ನನಗೆ ಮೊದಲೇ ಹೇಳಿದ್ದರು" — ಅಷ್ಟು ಹೇಳಿದ್ದರೆ ಸಾಕಿತ್ತು. ಮಂಜುವಿನ ಮುಂದೆ ನನ್ನ ಕಣ್ಣಿನ ಬೆಲೆ ಇಳಿಯುತ್ತಿತ್ತು, ಅಷ್ಟೇ. ನಾನು ಬಗ್ಗಿ, ಬಿದ್ದಿದ್ದ ಅಯಸ್ಕಾಂತವನ್ನು ಎತ್ತಿಕೊಂಡು ಬಟ್ಟೆ ಸುತ್ತತೊಡಗಿದೆ. ನೀವೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಮನೆಗೆ ಬಂದವನ ಮಾನ ಉಳಿಸಿದಿರೋ, ಇವನ ಹತ್ತಿರ ಮಾತೇ ಬೇಡವೆನ್ನಿಸಿತೋ — ನನಗೆ ಇವತ್ತಿಗೂ...

ಗಾಡಿಯನ್ನು ಅವರು ನಾನು ಹೇಳಿದ ಬೆಲೆಗೆ ಅಲ್ಲೇ ಕೊಟ್ಟುಬಿಟ್ಟರು, ಚೌಕಾಸಿ ಮಾಡದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟವರು ನೀವೊಬ್ಬರೇ; ಅವರು ಹೊರಗೆ ಬರಲಿಲ್ಲ.

ಗಾಡಿಯ ವರ್ಗಾವಣೆ ಕಾಗದಕ್ಕೆ ಸಹಿ ಹಾಕಿಸಲು ಮತ್ತೊಮ್ಮೆ ಬಂದೆನಲ್ಲ, ಅವತ್ತು ಗೋವಿಂದಯ್ಯನವರು ನನಗೆ ಹೇಳಿದರು: "ಒಳಗಡೆ ಇರೋರಿಗೆ ಹೇಳಿ ಸಾರ್, ಕಾಫಿ ಕೊಡ್ತಾರೆ." ಇಬ್ಬರೇ ಇದ್ದ ಮನೆಯಲ್ಲಿ ಮಾತು ನನ್ನ ಮೂಲಕ ಹೋಗಬೇಕಾಗಿತ್ತು. ಅವತ್ತೂ ಹೇಳಬಹುದಿತ್ತು. ಕಾಫಿ ಚೆನ್ನಾಗಿದೆ ಎಂದು ಹೇಳಿ ಎದ್ದೆ.

ಆಮೇಲೆ ಅದೊಂದು ಕತೆಯಾಯಿತು. ಹಳೆಯ ಕಾರಿನವರು ಸೇರಿದಲ್ಲೆಲ್ಲ ಮಂಜು ಎತ್ತುತ್ತಿದ್ದ, ನಾನು ಮುಗಿಸುತ್ತಿದ್ದೆ. ಎಷ್ಟು ಸಲ ಹೇಳಿದ್ದೇನೆಂದರೆ, ಅಯಸ್ಕಾಂತ ಬಿದ್ದಾಗ ನನಗೂ ನಿಜವಾಗಿ ಆಶ್ಚರ್ಯವಾಗಿತ್ತೇನೋ ಎಂದು ಅನುಮಾನ ಬರುವಷ್ಟು. ಕತೆಯಲ್ಲಿ ನಲ್ಲಿಯ ಹತ್ತಿರದ ಮಾತಿರಲಿಲ್ಲ. ದಿನವೂ ಡೈರಿ ಬರೆಯುವ ನಾನು ಅವತ್ತು ಅದನ್ನು ಅಲ್ಲಿಯೂ ಬರೆಯಲಿಲ್ಲ. ಯಾವ ಮಾತು ಎಲ್ಲಿಂದ ಬಂತೆಂದು ತಪ್ಪದೆ ಹೇಳಬೇಕೆಂದು ತರಗತಿಯಲ್ಲಿ ಮಾತ್ರ ಪಾಠ ಮಾಡುತ್ತಿದ್ದೆ.

ಗೋವಿಂದಯ್ಯನವರು ತೀರಿಕೊಂಡರೆಂದು ಮಂಜು ಹೇಳಿದಾಗ ಬರಲು ಕಾಲು ಏಳಲಿಲ್ಲ. ಅವರ ಮನಸ್ಸಿನಲ್ಲಿ ನಿಮ್ಮ ಮೇಲಿನ ಆ ಆರೋಪ ಹಾಗೆಯೇ ಉಳಿದಿತ್ತೋ, ಕರಗಿತ್ತೋ — ನಿಮಗೆ ಮಾತ್ರ ಗೊತ್ತು. ಕೇಳುವ ಹಕ್ಕು ನನಗಿಲ್ಲ. ಈ ಕಾಗದವನ್ನು ಅಬ್ಬಿಗೆರೆಗೆ ತಂದು ನಿಮ್ಮ ಕೈಗೇ ಕೊಡಬೇಕೆಂದಿದ್ದೇನೆ. ಓದುವುದು, ಬಿಡುವುದು ನಿಮ್ಮ ಇಷ್ಟ.

ಈಗ ನನಗೂ ಮಂಡಿ ನೋವು, ಕ್ಲಚ್ ತುಳಿಯಲಾಗುವುದಿಲ್ಲ. ಹೋದ ಭಾನುವಾರ ಹೆಬ್ಬಾಳದ ಡಾಕ್ಟರೊಬ್ಬರು ಕಾರು ನೋಡಲು ಬಂದಿದ್ದರು. ಬಣ್ಣದ ದಪ್ಪ ಅಳೆಯುವ ಮೀಟರು ತಂದಿದ್ದರು. ಅದು ಬಲಗಡೆ ಕೀಂ ಎಂದಿತು.

"ಮಂಜು ಹೇಳಿದ್ರು ಸಾರ್, ಇದನ್ನ ನೀವು ಬರೀ ಅಯಸ್ಕಾಂತದಲ್ಲೇ ಹಿಡಿದ್ರಂತೆ!"

"ಇಲ್ಲ. ಆ ಮನೆಯಮ್ಮ ನನಗೆ ಮೊದಲೇ ಹೇಳಿದ್ದರು. ಅವರೇ ಓಡಿಸುವಾಗ ತಗುಲಿದ್ದು. ನಾನು ಹಿಡಿದದ್ದಲ್ಲ" ಎಂದೆ.

ಅವರು "ಓ, ಹೌದಾ" ಎಂದು ಮೀಟರನ್ನು ಜೇಬಿಗಿಟ್ಟು ಮುಂದಿನ ಚಕ್ರದ ಹತ್ತಿರ ಕುಳಿತರು.

"ಟಯರ್ ಸವೆದಿದೆ ಸಾರ್. ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ."

ನೀವು ನಲ್ಲಿಯ ಹತ್ತಿರ ಹೇಳಿಕೊಟ್ಟ ಮಾತು ಅದು. ಅವತ್ತು ನಾನು ಆಡಬೇಕಾಗಿದ್ದದ್ದು ಅದೊಂದೇ.