ದೊಡ್ಡ ಪಿಟೀಲಿನವರ ಉಸಿರು

ಓಲಗದವನ ಮಗಳು ಚೆಲ್ಲೋ ಕೇಳುತ್ತಾಳೆಂಬುದು ನಮ್ಮ ಸ್ಟಾಫ್ ರೂಮಿಗೆ ತಮಾಷೆಯ ಸಂಗತಿಯಾಗಿತ್ತು. ಬೇಲೂರಿನ ಕಾಲೇಜಿನಲ್ಲಿ ನಾನು ಚರಿತ್ರೆ ಪಾಠ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಳೇಬೀಡಿನ ಸುತ್ತಲ ಮದುವೆಗಳಲ್ಲಿ ನಲವತ್ತು ವರ್ಷ ಊದಿ ಅಪ್ಪ ನನ್ನನ್ನು ಓದಿಸಿದ. ಊದಿದ ಮನೆಗಳಲ್ಲೆಲ್ಲ ಕೊನೆಯ ಪಂಕ್ತಿಯಲ್ಲಿ ಉಂಡ.

ಹಿರಿಯ ಇಂಗ್ಲಿಷ್ ಮೇಷ್ಟ್ರೊಬ್ಬರು ಶನಿವಾರದ ಮಧ್ಯಾಹ್ನ ಕಾಲೇಜಿನಲ್ಲಿ ಸಂಗೀತ ಕೇಳುವ ಕೂಟ ನಡೆಸುತ್ತಿದ್ದರು. ಸರದಿಯಂತೆ ಒಬ್ಬೊಬ್ಬರು ಒಂದು ಆಲ್ಬಮ್ ತಂದು, ಅದರ ಬಗ್ಗೆ ಮಾತಾಡಿ, ಕೇಳಿಸಬೇಕು. ಸಿನಿಮಾಗಳ ಹಿನ್ನೆಲೆ ಸಂಗೀತವನ್ನು ದೊಡ್ಡ ವಾದ್ಯವೃಂದದ ಜೊತೆ ಚೆಲ್ಲೋದಲ್ಲಿ ನುಡಿಸಿದ ಆಲ್ಬಮ್ಮೊಂದನ್ನು ನಾನು ಆರಿಸಿದೆ. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಣ್ಣ; ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವುದು. ಈಗ ನಾನಿರುವ ಅರಸೀಕೆರೆಯಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ ತಿಂಗಳಿಡೀ ಅದನ್ನೇ ಕೇಳಿ ನಾಲ್ಕು ಹಾಳೆ ಬರೆದೆ. ಆ ಶನಿವಾರ ಹಳೇಬೀಡಿನಲ್ಲಿ ಅಪ್ಪನನ್ನೂ ಹತ್ತಿಸಿಕೊಂಡೆ.

“ಮೇಡಂ, ಪ್ಲೇ ನೀವು ಮಾಡಿ. ವಿವರಣೆ ನಾನು ಕೊಡ್ತೀನಿ,” ಅಂದರು ಮೇಷ್ಟ್ರು.

“ಬರ್ಕೊಂಡು ಬಂದಿದೀನಿ ಸರ್.”

“ಇದಕ್ಕೆಲ್ಲ ಕಿವಿ ತಯಾರಾಗೋಕೆ ಮೂರು ತಲೆಮಾರು ಬೇಕು ಕಣ್ರೀ. ಬೇಜಾರ್ ಮಾಡ್ಕೋಬೇಡಿ.”

ಬೇಜಾರಲ್ಲ, ಮೈ ಉರಿಯಿತು. ಆದರೂ ಸುಮ್ಮನೆ ಕೂತೆ. ಹಾಗೆ ಕೂತದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಸಂಗೀತ ಶುರುವಾದ ಮೇಲೂ ಮೇಷ್ಟ್ರ ವಿವರಣೆ ನಿಲ್ಲಲಿಲ್ಲ. ಅಪ್ಪ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಎಲ್ಲ ಮುಗಿದಾಗ ಮೇಷ್ಟ್ರು ಅವನತ್ತ ತಿರುಗಿದರು.

“ಏನ್ ಯಜಮಾನ್ರೇ, ಏನಾದ್ರೂ ಗೊತ್ತಾಯ್ತಾ?”

“ಮೂರನೇದ್ರಲ್ಲಿ ಎಲ್ಲಾ ಒಟ್ಟಿಗೆ ಜೋರಾಗ್ತವಲ್ಲ ಸಾಮಿ, ಅದಕ್ಕೆ ಮುಂಚೆ ಆ ದೊಡ್ಡ ಪಿಟೀಲ್ನೋರು ಉಸಿರು ಎಳ್ಕಂಡ್ರು. ನೀವು ಆಗ ಮಾತಾಡ್ತಿದ್ರಿ.”

“ತಂತಿ ವಾದ್ಯಕ್ಕೆ ಉಸಿರು ಯಾಕ್ರೀ?” ಅಂದರು ಮೇಷ್ಟ್ರು. ನಾಲ್ಕು ಜನ ನಕ್ಕರು.

ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಬೆರಳೆತ್ತಿ ಆಡಿಸುತ್ತಾರೆ. ಕಂಡೊಡನೆ ಓಲಗದವನು ಎದೆ ತುಂಬ ಉಸಿರೆಳೆದು ಗಟ್ಟಿಮೇಳ ಊದಬೇಕು. ಆಗ ಯಾರಾದರೂ ಸೀನಿದರೂ ಕೇಳಿಸಬಾರದು. ಆ ಉಸಿರನ್ನು ನಲವತ್ತು ವರ್ಷ ಎಳೆದವನಿಗೆ ಇನ್ನೊಬ್ಬರದು ತಿಳಿಯದೆ ಇರುತ್ತದೆಯೇ?

ನಾನು ಎದ್ದು ಮೂರನೆಯದನ್ನು ಮತ್ತೆ ಹಾಕಿದೆ.

“ಈಗ ಯಾರೂ ಮಾತಾಡ್ಬೇಡಿ. ನೀವೂ ಅಷ್ಟೇ ಸರ್.”

ಕೇಳಿಸಿತು. ಮೂಗಿನಿಂದ ಎಳೆದುಕೊಂಡ ಒಂದು ತೆಳು ಉಸಿರು, ಹಿಂದೆಯೇ ವಾದ್ಯಗಳೆಲ್ಲ ಮೇಲೆದ್ದವು. ಬಸ್ಸಿನ ಸದ್ದಿನಲ್ಲಿ ಅದು ನನಗೂ ಸಿಕ್ಕಿರಲಿಲ್ಲ. ಮೇಷ್ಟ್ರು ರೆಕಾರ್ಡಿಂಗಿನ ದೋಷ ಅಂದರು. ನಾನು ನಾಲ್ಕು ಹಾಳೆಗಳನ್ನೂ ತೆಗೆದು ನಿಂತೇ ಓದಿದೆ. ಅವರು ಎರಡು ಸಲ ವಾಚು ನೋಡಿಕೊಂಡರು. ನಾನು ನಿಲ್ಲಿಸಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಅಂದ: “ಅದು ಕೇಳುಸಿದ್ಮೇಲೆ ನಾಕು ಹಾಳೆ ಜಾಸ್ತಿ ಆಯ್ತು ಕಣವ್ವ. ತಾಳಿ ಕಟ್ಟಾದ್ಮೇಲೂ ಗಟ್ಟಿಮೇಳ ಊದ್ತಾ ಕುಂತ್ರೆ ಜನ ಊಟಕ್ಕೆ ಎದ್ದೋಯ್ತಾರೆ.”

“ಹೋಗ್ಲಿ ಬಿಡು. ಹಂಗೆ ಎದ್ದೋದೋರೆಲ್ಲ ಉಂಡ ಮೇಲೆ ಅಲ್ವ ನೀನು ಇಷ್ಟು ವರ್ಷ ಉಂಡಿದ್ದು?”

ಹಳೇಬೀಡಿನಲ್ಲಿ ಇಳಿಯುವಾಗ ಅಪ್ಪ, ಮುಂದಿನ ಶನಿವಾರ ಯಾರ ಸರದಿ ಅಂತ ಕೇಳಿದ.