ಖಾಲಿ ಇಡಬಾರದ ನಂಬರು

ಕಳೆದ ಮಂಗಳವಾರ ಮಧ್ಯಾಹ್ನ, ತೀರಿಹೋದ ನನ್ನ ಗಂಡನ ನಂಬರಿನಿಂದ ನನಗೊಂದು ಮಿಸ್ಡ್ ಕಾಲ್ ಬಂತು.

ಹೆದರಬೇಡಿ, ಇದು ದೆವ್ವದ ಕಥೆಯಲ್ಲ. ಮೊಬೈಲ್ ಕಂಪೆನಿಯ ಕಥೆ.

ಅವರು ಮೂಡುಬಿದಿರೆ–ಬಂಟ್ವಾಳ ಬಸ್ಸಿನ ಡ್ರೈವರ್ ಆಗಿದ್ದದ್ದು ಈ ಅಂಕಣ ಓದುವ ನಿಮಗೆ ಗೊತ್ತು. ಮಧ್ಯಾಹ್ನ ಮೂಡುಬಿದಿರೆ ಸ್ಟ್ಯಾಂಡಿನಿಂದ ಬಸ್ಸು ಹೊರಡಿಸುವ ಮೊದಲು ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ಅದರರ್ಥ, ಊಟ ತಾ. ನಾನು ಕುಚ್ಚಲಕ್ಕಿ ಅನ್ನ, ಸಾರು ಕ್ಯಾರಿಯರಿಗೆ ತುಂಬಿ ಸಿದ್ಧಕಟ್ಟೆಯ ನಮ್ಮ ಸ್ಟಾಪಿನಲ್ಲಿ ನಿಂತಿರಬೇಕು. ಬಸ್ಸು ಪೂರ್ತಿ ನಿಲ್ಲುತ್ತಿರಲಿಲ್ಲ (ಹಿಂದೆ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತಿರುತ್ತಿತ್ತು, ನಮ್ಮ ಬಸ್ಸುಗಳ ಟೈಮಿಂಗ್ ಜಗಳ ಗೊತ್ತಲ್ಲ). ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು. ಕ್ಯಾರಿಯರ್ ಒಳಗೆ ಹೋಗುತ್ತಿತ್ತು.

ಮಾತಿಲ್ಲ, ಖರ್ಚಿಲ್ಲ. ಕಂಪೆನಿಯ ಟವರನ್ನು ನಮ್ಮಷ್ಟು ಪುಕ್ಕಟೆ ದುಡಿಸಿಕೊಂಡವರು ಯಾರಿದ್ದಾರೆ?

ಮಂಗಳವಾರ ಫೋನಿನಲ್ಲಿ ಅವರ ಹೆಸರು ನೋಡಿದ್ದೇ ಕೈ ತಾನಾಗಿ ಅನ್ನದ ಪಾತ್ರೆಗೆ ಹೋಯಿತು. ತಲೆಗೆ ಗೊತ್ತಾಗುವ ಮೊದಲು ಕ್ಯಾರಿಯರ್ ಸಮೇತ ಕಾಲು ರಸ್ತೆಗೆ ಮುಟ್ಟಿತ್ತು.

ಬಸ್ಸು ಬಂತು. ಕಿಟಕಿಯಲ್ಲಿ ಹೊಸ ಡ್ರೈವರ್. ಫುಟ್‌ಬೋರ್ಡಿನಲ್ಲಿ ಹಳೆಯ ಕಂಡಕ್ಟರ್ ಸದಾನಂದ.

"ಎಂತ ಅತ್ತಿಗೆ, ಊಟ ಯಾರಿಗೆ? ನನಗಾ?" ಎಂದು ನಕ್ಕವನು ನನ್ನ ಮುಖ ನೋಡಿದ. ಬಸ್ಸು ಹೊರಡಿಸಲು ರೈಟ್ ಹೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಬಸ್ಸು ನನಗಾಗಿ ಪೂರ್ತಿ ನಿಂತಿತು. ಹಿಂದಿನ ಬಸ್ಸು ಬೊಬ್ಬೆ ಹಾಕಿತು.

ಬಸ್ಸು ಹೋದ ಮೇಲೆ ಅಲ್ಲಿಯೇ ನಿಂತು ಆ ನಂಬರಿಗೆ ಫೋನ್ ಮಾಡಿದೆ.

"ಅಬ್ಬಾ, ಕಾಲ್ ಮಾಡಿದಿರಲ್ಲ ಅಕ್ಕ!" ಒಂದು ಹೆಂಗಸಿನ ಸ್ವರ. "ನನ್ನಲ್ಲಿ ಬ್ಯಾಲೆನ್ಸ್ ಇಲ್ಲ, ಅದಕ್ಕೆ ಮಿಸ್ಡ್ ಕೊಟ್ಟದ್ದು. ನಾನು ಪುತ್ತಿಗೆಯ ನಸೀಮಾ. ಈ ಸಿಮ್ ತೆಗೊಂಡ ಮೇಲೆ ನಾನೇ ಬಸ್ ಬಿಡುವ ಹಾಗೆ ಆಗಿದೆ! ಒಬ್ಬರು 'ಎಲ್ಲಿ ಮುಟ್ಟಿದಿರಿ' ಅಂತ ಕೇಳ್ತಾರೆ, ಇನ್ನೊಬ್ಬರು 'ಸ್ವಲ್ಪ ನಿಲ್ಲಿಸಿ ಮಾರಾಯ್ರೆ, ಓಡಿ ಬರ್ತಾ ಇದ್ದೇನೆ' ಅಂತಾರೆ. ನಮ್ಮವರು ದುಬೈಯಿಂದ ಮಾಡುವಾಗ ಲೈನ್ ಎಂಗೇಜ್. ನಿನ್ನೆ ಕೇಳಿಯೇ ಬಿಟ್ಟರು, ಯಾರ ಹತ್ತಿರ ಅಷ್ಟು ಮಾತು ನಿಂದು ಅಂತ. ನಾನು ಎಂತ ಹೇಳುವುದು? ಒಬ್ಬರು ಇದು ಡ್ರೈವರ್ ಮನೆಯ ನಂಬರ್ ಅಂತ ನಿಮ್ಮದು ಕೊಟ್ಟರು. ಹೊಸ ನಂಬರ್ ಎಲ್ಲರಿಗೂ ಕೊಡಲಿಕ್ಕೆ ಅವರಿಗೆ ಹೇಳಿ ಅಕ್ಕ."

"ಅವರಿಗೆ ಹೊಸ ನಂಬರ್ ಇಲ್ಲ ನಸೀಮಾ. ಅವರು ತೀರಿಕೊಂಡಿದ್ದಾರೆ."

ನನ್ನ ಬ್ಯಾಲೆನ್ಸ್ ಹೋಗುತ್ತಿತ್ತು. ಹೋಗಲಿ ಎಂದುಕೊಂಡೆ.

"ಅಲ್ಲಾ... ನನಗೆ ಗೊತ್ತಿರಲಿಲ್ಲ ಅಕ್ಕ. ನಿಮಗೆ ಬೇಕಾದರೆ ಈ ಸಿಮ್ ಕೊಟ್ಟುಬಿಡ್ತೇನೆ."

ದುಬೈಯಿಂದ ತನ್ನ ಗಂಡನ ಸ್ವರ ಬರುವ ಒಂದೇ ದಾರಿಯನ್ನು ಕೊಡಲು ಹೊರಟವಳಿಗೆ ಏನೆನ್ನಲಿ? ಬೇಡ ಎಂದೆ.

ಮನಸ್ಸು ಕೂರಲಿಲ್ಲ. ಮರುದಿನ ಮೂಡುಬಿದಿರೆಯ ಮೊಬೈಲ್ ಅಂಗಡಿಗೆ ಹೋದೆ. ಟೈ ಕಟ್ಟಿದ ಯುವಕ ಮರ್ಯಾದೆಯಿಂದಲೇ ವಿವರಿಸಿದ.

"ರೀಚಾರ್ಜ್ ಇಲ್ಲದಿದ್ದರೆ ನಂಬರ್ ವಾಪಸು ಹೋಗ್ತದೆ ಮೇಡಂ. ಖಾಲಿ ಇಟ್ಟರೆ ವೇಸ್ಟ್ ಅಲ್ವಾ? ಸಿಸ್ಟಮ್ಮೇ ಇನ್ನೊಬ್ಬರಿಗೆ ಕೊಡ್ತದೆ. ಯಾರನ್ನೂ ಕೇಳುವ ಕೆಲಸವೇ ಇಲ್ಲ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದೇ ಚುರುಕಿನ ಸಿಸ್ಟಮ್ ಅಲ್ಲವೇ ಒಂದೇ ರಿಂಗಿನಲ್ಲಿ ನಮ್ಮ ಸಂಸಾರ ನಡೆಸಿದ್ದು?

ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟು. ಹೋದವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಒಳಗೆ ಸಾರು ತಣಿಯುತ್ತದೆ. ಮಕ್ಕಳಿಗೆ ಹಸಿವು. ಆದರೂ ಯಾರೂ ಅವಸರ ಮಾಡುವುದಿಲ್ಲ. ಕಂಪೆನಿಯ ಕಣ್ಣಿಗೆ ಅದು ಖಾಲಿ ಎಲೆ. ಹಸಿದ ಇನ್ನೊಬ್ಬರನ್ನು ತಕ್ಷಣ ಕೂರಿಸಿಬಿಡುತ್ತಿತ್ತೋ ಏನೋ!

ಇತ್ತ ನಸೀಮಾಳ ಸಂಸಾರವೂ ಕಾಯುವ ಹಾಗಿರಲಿಲ್ಲ. ಶನಿವಾರ ಅದೇ ಬಸ್ಸು ಹತ್ತಿ ಸದಾನಂದನಿಗೆ ಎಲ್ಲ ಹೇಳಿದೆ. ಅವನು ಮಧ್ಯದಲ್ಲಿ ನಿಂತು ಸ್ವರ ಏರಿಸಿದ.

"ನೋಡಿ, ಅಣ್ಣ ಹೋದದ್ದು ಗೊತ್ತಿಲ್ಲದವರು ಇನ್ನೂ ಇದ್ದಾರೆ ಅಂತ ಕಾಣ್ತದೆ. ಅವರ ನಂಬರಿಗೆ ಇನ್ನು ಯಾರೂ ಮಾಡಬೇಡಿ. ಅದು ಈಗ ಒಬ್ಬರು ಹೆಂಗಸಿನದ್ದು. ಎಲ್ಲರಿಗೂ ಹೇಳಿ."

"ಹಾಗಾದರೆ ಬಸ್ ಎಲ್ಲಿ ಮುಟ್ಟಿತು ಅಂತ ಯಾರಲ್ಲಿ ಕೇಳುವುದು?" ಎಂದರು ಮಲ್ಲಿಗೆಯ ಕಟ್ಟು ಹಿಡಿದು ಕೂತಿದ್ದ ಒಬ್ಬರು ಅಜ್ಜಿ.

"ನೀವು ಬಸ್ಸಿನಲ್ಲೇ ಇದ್ದೀರಲ್ಲ ಅಜ್ಜಿ!"

ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತೆ.

ನಿನ್ನೆ ಮತ್ತೆ ಮಿಸ್ಡ್ ಕಾಲ್. ತಿರುಗಿ ಮಾಡಿದೆ. "ಈಗ ಯಾರೂ ಮಾಡುವುದಿಲ್ಲ ಅಕ್ಕ. ನಮ್ಮವರ ಕಾಲ್ ಸಿಕ್ಕಿತು. ತುಂಬ ಹೊತ್ತು ಮಾತಾಡಿದರು," ಎಂದಳು ನಸೀಮಾ. ಅವಳ ಮಟ್ಟಿಗೆ ಎಲ್ಲ ಸರಿಹೋಯಿತು.

ನನ್ನ ಫೋನಿನಲ್ಲಿ ಮಾತ್ರ ಅವಳು ಈಗಲೂ ನನ್ನ ಗಂಡನ ಹೆಸರಿನಲ್ಲೇ ಬರುತ್ತಾಳೆ. ಪ್ರತಿ ಸಲ ಕಾಲು ಅಡುಗೆಮನೆಗೆ ಓಡುತ್ತದೆ. ಹೀಗೆ ಎಷ್ಟು ದಿನ? ಕೂತು ಅವಳ ಹೆಸರು ಟೈಪ್ ಮಾಡಿದೆ. ಹಳೆಯ ಹೆಸರು ತೆಗೆಯಲೇ ಎಂದು ಫೋನು ಕೇಳಿತು. ಕೆಳಗೆ ಎರಡೇ ಉತ್ತರ, ಯೆಸ್ ಮತ್ತು ನೋ.

ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದಕ್ಕೆ ಇದರಲ್ಲಿ ಬಟನ್ ಎಲ್ಲಿದೆ?